ಹಿತ್ತಲ ಶೆಡ್‌ನಲ್ಲಿ ಕಟ್ಟಿಗೆ ಕೆಲಸ: ಮೊದಲು ಯಾವ ಮಷಿನ್ ತಗೋಬೇಕು?

ಪ್ರಶ್ನೆ: ಹುಬ್ಬಳ್ಳಿಯ ನವನಗರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಪತ್ರಾಸ್ ಶೆಡ್ ಖಾಲಿ ಬಿದ್ದಿದೆ. ಭಾನುವಾರ ಅಲ್ಲಿ ಕಟ್ಟಿಗೆ ಕೆಲಸ ಮಾಡಬೇಕು ಅಂತ ಆಸೆ. ಸ್ಟೂಲು, ಪುಸ್ತಕದ ಕಪಾಟು, ಆಮೇಲೆ ಒಂದು ದೇವರ ಮಂಟಪ. ಕೈಯಲ್ಲಿ 40 ಸಾವಿರ ರೂಪಾಯಿ ಇದೆ. ಮೊದಲು ಟೇಬಲ್ ಸಾ (ಮೇಜಿನ ನಡುವೆ ಬ್ಲೇಡು ತಿರುಗುವ ಗರಗಸ) ತಗೊಳ್ಳಲಾ, ಬೇರೆ ಯಾವುದಾದರೂ ಮಷಿನ್ ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಯಾವ ಮಷಿನ್ನೂ ಬೇಡ. ಮೊದಲು ಒಂದು ಗಟ್ಟಿ ಬೆಂಚು ಮಾಡಿಕೊಳ್ಳಿ.

ಟೇಬಲ್ ಸಾ ಯಾಕೆ ಬೇಡ ಅಂದರೆ, ಅದು ನಿಮ್ಮ ಶೆಡ್‌ನಲ್ಲಿ ಹಿಡಿಸುವುದಿಲ್ಲ. ಮಷಿನ್ ಹಿಡಿಸುತ್ತದೆ, ಅದರಲ್ಲಿ ಮಾಡುವ ಕೆಲಸ ಹಿಡಿಸುವುದಿಲ್ಲ. ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ ಜಾಗ ಬೇಕು, ಹಿಂದೆ 8 ಅಡಿ ಬೇಕು. ಅಲ್ಲಿಗೇ 16 ಅಡಿ ಆಯಿತು, ನೀವು ನಿಲ್ಲುವ ಜಾಗ ಬೇರೆ. ನಿಮ್ಮ ಶೆಡ್ ಇರುವುದೇ 12 ಅಡಿ. ಬಾಗಿಲು ತೆಗೆದು ಅಂಗಳಕ್ಕೆ ತಳ್ಳುತ್ತೇನೆ ಅನ್ನಬಹುದು. ಆದರೆ 18 ಎಂ.ಎಂ. ಶೀಟಿನ ತೂಕ 30 ಕೆ.ಜಿ. ದಾಟುತ್ತದೆ. ಒಬ್ಬರೇ ಹಿಡಿದು ತಳ್ಳುವಾಗ ಅದು ಚೂರು ಓರೆಯಾಗಿ ಬ್ಲೇಡಿನ ಹಿಂಬದಿಯ ಹಲ್ಲಿಗೆ ತಾಗಿದರೆ ಸಾಕು, ಬ್ಲೇಡು ಅದನ್ನು ಎತ್ತಿ ನಿಮ್ಮ ಹೊಟ್ಟೆಯ ಕಡೆಗೇ ಎಸೆಯುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದಕ್ಕೇ.

ಶೀಟನ್ನು ಸುಮ್ನೆ ಹೊರಗೆ ಕತ್ತರಿಸಿಕೊಂಡು ಬನ್ನಿ. ಪ್ಯಾನಲ್ ಸಾ (ದೊಡ್ಡ ಶೀಟು ಕತ್ತರಿಸುವ ಮಷಿನ್) ಇಟ್ಟುಕೊಂಡಿರುವ ಪ್ಲೈವುಡ್ ಅಂಗಡಿಯವರು, ಫರ್ನಿಚರ್ ಮಾಡುವವರು ಅಳತೆ ಬರೆದುಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಅಂಚು ನೇರ ಬರುತ್ತದೆ, ಸಾಗಿಸುವುದೂ ಸುಲಭ.

ಇನ್ನೊಂದು ದಾರಿ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 4 ಇಂಚಿನ ಮಾರ್ಬಲ್ ಕಟ್ಟರ್ ತಗೊಂಡು, ಪ್ಲೈ ಹಲಗೆಗೆ ಕೆಳಗಿನಿಂದ ತಲೆಕೆಳಗಾಗಿ ಬಿಗಿದು, ಅದನ್ನೇ ಟೇಬಲ್ ಸಾ ಮಾಡಿಕೊಳ್ಳುವುದು. ದಯವಿಟ್ಟು ಬೇಡ. ಬ್ಲೇಡಿನ ಹಿಂದೆ ಸೀಳನ್ನು ಬಿಡಿಸಿ ಹಿಡಿಯುವ ತಗಡು ಅದರಲ್ಲಿ ಇರುವುದಿಲ್ಲ, ಮೇಲೆ ಗಾರ್ಡ್ ಇರುವುದಿಲ್ಲ, ಸ್ವಿಚ್ ಕೆಳಗೆ ಕೈಗೆ ಸಿಗದ ಜಾಗದಲ್ಲಿ ಇರುತ್ತದೆ. ಆ್ಯಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡು ಹಾಕಿ ಕಟ್ಟಿಗೆ ಕೊಯ್ಯುವುದು ಇದಕ್ಕಿಂತ ಕೆಟ್ಟದ್ದು. ಅದು ನಿಮಿಷಕ್ಕೆ 11 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಹಲ್ಲು ಸಿಕ್ಕಿಕೊಂಡರೆ ಕೈ ಹಿಂದಕ್ಕೆ ತಗೊಳ್ಳುವಷ್ಟು ಹೊತ್ತು ಸಿಗುವುದಿಲ್ಲ.

ಈಗ ಬೆಂಚಿನ ವಿಷಯ. ನಮ್ಮ ಕಡೆ ಹಳೇ ಬಡಿಗ್ಯಾರು ಬೆಂಚೇ ಇಲ್ಲದೆ ಕೆಲಸ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ನಿಜ. ನೆಲದ ಮೇಲೆ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಉಳಿ ಕೊಡತಿ ಆಡಿಸುತ್ತಾರೆ. ಅವರ ಕಾಲೇ ವೈಸ್, ಅಂದರೆ ಹಲಗೆಯನ್ನು ಬಿಗಿದು ಹಿಡಿಯುವ ಸಾಧನ. ಆದರೆ ಅದು ಚಿಕ್ಕಂದಿನಿಂದ ಬಂದ ಕೂರುವ ಅಭ್ಯಾಸ. ಆಫೀಸಿನ ಕುರ್ಚಿಯಿಂದ ಎದ್ದು ಬಂದವರಿಗೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ.

ಬೆಂಚಿನ ಕೆಲಸ ಒಂದೇ, ಅಲ್ಲಾಡದೆ ನಿಲ್ಲುವುದು. ರಂದಾ (ಕಟ್ಟಿಗೆ ಹೆರೆದು ನಯ ಮಾಡುವ ಸಾಧನ) ಹೊಡೆಯುವಾಗ ಬೆಂಚು ನಿಮ್ಮ ಜೊತೆ ಮುಂದಕ್ಕೆ ಸರಿದರೆ ಅರ್ಧ ಶಕ್ತಿ ಅಲ್ಲೇ ಹೋಯಿತು. ಅದಕ್ಕೇ ತೂಕ ಬೇಕು. 5 ಅಡಿ ಉದ್ದ, 2 ಅಡಿ ಅಗಲ ಸಾಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಷ್ಟು ಎತ್ತರ ಇಡಿ. ಜಾಸ್ತಿ ಜನಕ್ಕೆ ಅದು 32ರಿಂದ 34 ಇಂಚಿನ ಒಳಗೆ ಬರುತ್ತದೆ. ಕಾಲು 3 ಇಂಚು ಚೌಕದ್ದು ಇರಲಿ. ಮೇಲಿನ ಹಲಗೆಗೆ 18 ಎಂ.ಎಂ. ಪ್ಲೈ ಎರಡು ಪದರ ಅಂಟಿಸಿ ಸ್ಕ್ರೂ ಹೊಡೆದರೆ ಹತ್ತಿರ ಹತ್ತಿರ ಒಂದೂವರೆ ಇಂಚು ದಪ್ಪ ಬರುತ್ತದೆ, ಶುರುವಿಗೆ ಸಾಕು.

ಕಾಲಿಗೆ ಹೊಸ ಕಟ್ಟಿಗೆ ತರಬೇಡಿ. ಹಳೇ ಮಾಳಿಗೆ ಮನೆ ಬಿಚ್ಚಿದಾಗ ಸಿಗುವ ತೊಲೆ, ಜಂತಿ, ಬಾಗಿಲ ಚೌಕಟ್ಟು ಹುಡುಕಿ. ಹಳೇ ಸಾಮಾನಿನ ಅಂಗಡಿಗಳಲ್ಲಿ ಇವು ಸಿಗುತ್ತವೆ. ಸಾಗವಾನಿ ಸಿಕ್ಕರೆ ಅದೃಷ್ಟ, ಮತ್ತಿ ಸಿಕ್ಕರೆ ತೂಕ ಇನ್ನೂ ಜಾಸ್ತಿ. ವರ್ಷಗಟ್ಟಲೆ ಸೂರಿನ ಕೆಳಗೆ ಇದ್ದ ಕಟ್ಟಿಗೆ ಪೂರ್ತಿ ಒಣಗಿರುತ್ತದೆ, ಇನ್ನು ಸೊಟ್ಟಗಾಗುವುದು ಕಡಿಮೆ. ಕೊಯ್ಯುವ ಮುಂಚೆ ಒಂದು ಅಯಸ್ಕಾಂತ ತಗೊಂಡು ಎಲ್ಲ ಮುಖದ ಮೇಲೂ ಆಡಿಸಿ. ತಲೆ ಮುರಿದ ಮೊಳೆ ಒಳಗೇ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗರಗಸದ ಹಲ್ಲಿಗೆ ಮಾತ್ರ ಸರಿಯಾಗಿ ಸಿಗುತ್ತದೆ.

ಬೆಂಚಿನ ಎಡ ತುದಿಗೆ ಒಂದು ಕಾರ್ಪೆಂಟರ್ ವೈಸ್ ಕೂರಿಸಿ (ನೀವು ಎಡಚರಾದರೆ ಬಲಕ್ಕೆ). ಮೇಲೆ ಒಂದು ಕಡೆ ಅರ್ಧ ಇಂಚು ದಪ್ಪದ ಪಟ್ಟಿ ಅಡ್ಡ ಹೊಡೆಯಿರಿ, ರಂದಾ ಹೊಡೆಯುವಾಗ ಹಲಗೆ ಅದಕ್ಕೆ ಆನಿಕೊಂಡು ನಿಲ್ಲುತ್ತದೆ.

ದುಡ್ಡಿನಲ್ಲಿ ಸುಮಾರು ಕಾಲು ಭಾಗ ಬೆಂಚಿಗೆ ಇಡಿ, ಇನ್ನೊಂದು ಕಾಲು ಭಾಗ ಕೈ ಸಾಮಾನಿಗೆ. ಒಂದು ಒಳ್ಳೆಯ ಗರಗಸ, ಕಬ್ಬಿಣದ ರಂದಾ, ಅರ್ಧ ಇಂಚು ಮತ್ತು ಒಂದು ಇಂಚಿನ ಉಳಿ, ಮೂಲಮಟ್ಟ (ಮೂಲೆ ನೇರ ಇದೆಯಾ ಅಂತ ನೋಡುವ ಸಾಧನ), ಟೇಪು, ಅಂಟಿಸಿದ ಕಟ್ಟಿಗೆ ಬಿಗಿದು ಹಿಡಿಯಲು ನಾಲ್ಕು ಎಫ್ ಕ್ಲಾಂಪ್. ಇವುಗಳ ಜೊತೆಗೆ ಸಾಣೆಕಲ್ಲು. ಅದನ್ನು ಮರೆತು ದುಬಾರಿ ಉಳಿ ತಗೊಂಡರೆ ಏನೂ ಉಪಯೋಗ ಇಲ್ಲ. ಅಂಗಡಿಯಿಂದ ಬಂದ ಹೊಸ ಉಳಿ ಸಾಮಾನ್ಯವಾಗಿ ಕೆಲಸಕ್ಕೆ ಹರಿತ ಇರುವುದಿಲ್ಲ.

ಸಾಣೆ ಹಿಡಿಯುವುದು ಹೀಗೆ. ಮೊದಲು ಉಳಿಯ ಚಪ್ಪಟೆ ಬೆನ್ನನ್ನು 1000 ನಂಬರಿನ ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ. ಅಂಚಿನ ಹತ್ತಿರದ ಒಂದು ಇಂಚು ಪೂರ್ತಿ ಒಂದೇ ಥರ ಮಿಂಚಬೇಕು. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು ಉಜ್ಜಿ. ಸ್ವಲ್ಪ ಹೊತ್ತಿಗೆ ಬೆನ್ನ ಕಡೆ ಹೆಬ್ಬೆರಳನ್ನು ಹೊರಮುಖವಾಗಿ ಸವರಿದರೆ ಅಂಚಿನ ಉದ್ದಕ್ಕೂ ಕೂದಲಿನಂಥ ಒಂದು ತರಿ ತಾಗುತ್ತದೆ. ಆ ತರಿ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೂ ಬರುವ ತನಕ ಬಿಡಬೇಡಿ. ಬಂದ ಮೇಲೆ ನಯವಾದ ಕಲ್ಲಿನ ಮೇಲೆ ಎರಡೂ ಮುಖ ಹಗುರವಾಗಿ ಎಳೆದು ಅದನ್ನು ತೆಗೆಯಿರಿ. ಸರಿಯಾಯಿತಾ ಅಂತ ನೋಡಲು ಮೆತ್ತನೆ ಕಟ್ಟಿಗೆಯ ಕೊಯ್ದ ತುದಿಯನ್ನು ಹೆರೆಯಿರಿ. ಪುಡಿ ಉದುರದೆ ತೆಳು ಸಿಪ್ಪೆ ಬಂದರೆ ಹರಿತವಾಗಿದೆ.

ಇನ್ನು ನೆಲ. ಹುಬ್ಬಳ್ಳಿ, ನವಲಗುಂದ, ಗದಗದ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ತೆಳು ಕಾಂಕ್ರೀಟ್ ಹಾಕಿದ ಶೆಡ್ಡಿನ ನೆಲ ಒಂದೆರಡು ಮಳೆಗಾಲದಲ್ಲೇ ಸೀಳುತ್ತದೆ. ನಿಮ್ಮ ನೆಲ ಈಗಾಗಲೇ ಬಿರುಕು ಬಿಟ್ಟಿದ್ದರೆ, ಕೈಯಲ್ಲಿ ದುಡ್ಡು ಕೂಡಿದಾಗ ಎರೆ ತೆಗೆಸಿ, ಗರಸು ತುಂಬಿ ಧಮ್ಮಸು ಮಾಡಿಸಿ, ಮೇಲೆ 4 ಇಂಚು ಕಾಂಕ್ರೀಟ್ ಹಾಕಿಸಿ. ಅಲ್ಲಿಯವರೆಗೆ ಬೆಂಚಿನ ಕಾಲಿನ ಕೆಳಗೆ ಕಟ್ಟಿಗೆ ಬೆಣೆ ಕೊಟ್ಟು ಮಟ್ಟ ಮಾಡಿಕೊಂಡರೆ ಆಯಿತು. ಭಾರದ ಮಷಿನ್‌ಗೆ ಆತುರ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಪತ್ರಾಸ್ ಸೂರು ಏಪ್ರಿಲ್‌ನಲ್ಲಿ ಕಾದು ಹೆಂಚಾಗುತ್ತದೆ. ಒಳಗೆ ಅಂಟು ಹಚ್ಚಿ ಕ್ಲಾಂಪ್ ಬಿಗಿಯುವಷ್ಟರಲ್ಲಿ ಒಣಗಿರುತ್ತದೆ. ಬೇಸಿಗೆಯಲ್ಲಿ ಅಂಟಿಸುವ ಕೆಲಸ ಬೆಳಿಗ್ಗೆ ಬೇಗ ಮುಗಿಸಿ. ಮುಂಗಾರಿನ ಗಾಳಿ ಮಳೆ ಪಡುವಣದಿಂದ ಬಡಿಯುವುದರಿಂದ ಕಿಟಕಿ ಉತ್ತರಕ್ಕೆ ಮಾಡಿಸಿ, ಬೆಳಕೂ ದಿನವಿಡೀ ಒಂದೇ ಥರ ಬರುತ್ತದೆ.

ಹೊಸ ಕಟ್ಟಿಗೆ ತರುವಾಗ ಒಂದು ಮಾತು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಎಲ್ಲರ ಮನೆಯಲ್ಲೂ ನೋಡಿದ್ದೇವೆ, ಅಲ್ವಾ? ಒಂದು ಅಡಿ ಅಗಲದ ಸಾಗವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಅಗಲದಲ್ಲಿ 2ರಿಂದ 3 ಮಿ.ಮೀ. ಹಿಗ್ಗಿ ಕುಗ್ಗಬಹುದು. ಉದ್ದದಲ್ಲಿ ಏನೂ ಆಗುವುದಿಲ್ಲ ಅನ್ನಬಹುದು. ಹಾಗಾಗಿ ಮಂಟಪದ ಬಾಗಿಲ ಹಲಗೆಯನ್ನು ಚೌಕಟ್ಟಿಗೆ ಅಂಟಿಸಬೇಡಿ, ಚೌಕಟ್ಟಿನಲ್ಲಿ ಕೊರೆದ ಗ್ರೂವ್ (ಉದ್ದ ಸಂದು) ಒಳಗೆ ಸಡಿಲವಾಗಿ ಕೂರಿಸಿ. ಸಾ ಮಿಲ್‌ನಿಂದ ಹಸಿ ಹಲಗೆ ಬಂದರೆ ನೆಲದಿಂದ ಎತ್ತಿ, ನಡುವೆ ಪಟ್ಟಿ ಕೊಟ್ಟು, ನೆರಳಲ್ಲಿ ಅಟ್ಟಿ ಮಾಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳೇ ಲೆಕ್ಕ. ಒಣಗಿತಾ ಅಂತ ತಿಳಿಯಲು ಒಂದು ತುಂಡನ್ನು ಅಡುಗೆಮನೆ ತಕ್ಕಡಿಯಲ್ಲಿ ವಾರ ವಾರ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಕೆಲಸಕ್ಕೆ ತಗೊಳ್ಳಿ. ನೆಲಕ್ಕೆ ತಾಗಿಸಿ ಇಟ್ಟರೆ ಒರಲಿ ಹಿಡಿಯುತ್ತದೆ. ಹೊಲದಲ್ಲಿ ನಮ್ಮದೇ ಸಾಗವಾನಿ ಮರ ಇದೆ ಅಂದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ.

ಬೆಂಚಿನ ಮೇಲೆ ಎರಡು ಮೂರು ಸ್ಟೂಲು ಆದ ಮೇಲೆ ಮಷಿನ್ ವಿಚಾರ ಮಾಡಿ. ಮೊದಲು ಡ್ರಿಲ್. ಆಮೇಲೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ಅದಕ್ಕೆ ಒಂದು ನೇರ ಪಟ್ಟಿ. ಇಲ್ಲಿ ಶೀಟು ಸುಮ್ನೆ ಮಲಗಿರುತ್ತದೆ, ಮಷಿನ್ ಅದರ ಮೇಲೆ ಓಡುತ್ತದೆ, ಹಾಗಾಗಿ 12 ಅಡಿ ಸಾಕು. ಜೊತೆಗೆ ವೈರಿಂಗ್ ನೋಡಿಸಿ. 1500 ವ್ಯಾಟ್‌ನ ಮಷಿನ್ 230 ವೋಲ್ಟ್‌ನಲ್ಲಿ ಆರೂವರೆ ಆ್ಯಂಪ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಮನೆಯ 6 ಆ್ಯಂಪ್ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್ ಎಳೆದು ಓಡಿಸುವುದು ಬೇಡ. ಶೆಡ್ಡಿಗೆ ಬೇರೆ ಲೈನ್, 16 ಆ್ಯಂಪ್ ಸಾಕೆಟ್, 30 ಮಿಲಿ ಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ಇಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮಷಿನ್ ಬಂದ ದಿನದಿಂದ ಎನ್95 ಮಾಸ್ಕ್ ಹಾಕಿಕೊಳ್ಳಿ, ಕರವಸ್ತ್ರ ಕಟ್ಟಿದರೆ ಸಾಲದು. ಕಟ್ಟಿಗೆ ಧೂಳು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ರಂದಾದಿಂದ ಬರುವುದು ಸಿಪ್ಪೆ, ಅದು ಕೆಳಗೆ ಬೀಳುತ್ತದೆ. ಕಟ್ಟಿಗೆ ಉಜ್ಜಿ ನಯ ಮಾಡುವ ಮಷಿನ್ ಆದ ಸ್ಯಾಂಡರ್‌ನಿಂದ ಬರುವುದು ಪುಡಿ, ಅದು ಬೆಳಕಿನಲ್ಲಿ ತೇಲುತ್ತಾ ಇರುತ್ತದೆ. ಸ್ಯಾಂಡರ್ ಕೆಲಸ ಶೆಡ್ಡಿನ ಹೊರಗೆ ಇಟ್ಟುಕೊಳ್ಳಿ. ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರಾ ಅಂತ ಒಮ್ಮೆ ನೋಡಿಕೊಂಡು ಶುರು ಮಾಡಿ.