ಮೊದಲ ಪುಟಕ್ಕೆ ಬಂದ ಲಕ್ಷ್ಮಿ

ರಾಜಾ ರವಿವರ್ಮನ ಬಗ್ಗೆ ಮಕ್ಕಳೂ ಹಿರಿಯರೂ ಕೂಡಿ ನೋಡುವಂಥ ಜಾಲತಾಣವೊಂದನ್ನು ಮಾಡುತ್ತಿದ್ದೇನೆ. ಮೊದಲ ಕರಡಿನಲ್ಲಿ ಪುಟ ತೆರೆದ ಕೂಡಲೇ ಜೀವನಚರಿತ್ರೆ ಬರುತ್ತಿತ್ತು: 1848ರಲ್ಲಿ ಕಿಳಿಮಾನೂರಿನಲ್ಲಿ ಜನನ, 1873ರಲ್ಲಿ ವಿಯೆನ್ನಾ ಪ್ರದರ್ಶನದ ಬಹುಮಾನ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ಐದನೇ ಇಯತ್ತೆ ಓದುವ ಹುಡುಗಿಯ ಕೈಗೆ ಮೊಬೈಲ್ ಕೊಟ್ಟೆ. ಎರಡು ಸಲ ಬೆರಳಾಡಿಸಿ ವಾಪಸ್ ಕೊಡಲು ಬಂದಳು. ಅಷ್ಟರಲ್ಲಿ ಕೆಳಗಿದ್ದ ಲಕ್ಷ್ಮಿಯ ಚಿತ್ರ ಅವಳ ಆಯಿಯ ಕಣ್ಣಿಗೆ ಬಿತ್ತು.

“ಅಯ್ಯ, ಇಕಿ ನಮ್ಮ ದೇವರ ಮನ್ಯಾಗ ಅದಾಳಲ್ಲ!”

ಇಬ್ಬರೂ ಒಳಗೆ ಹೋಗಿ ಗೋಡೆಯ ಪಟದ ಪಕ್ಕ ಮೊಬೈಲ್ ಹಿಡಿದರು. ಮೊಬೈಲಿನಲ್ಲಿ ಆನೆ ಸೊಂಡಿಲಿನಲ್ಲಿ ಹಾರ ಹಿಡಿದಿತ್ತು. ಪಟದ ಆನೆ ವರ್ಷಗಟ್ಟಲೆ ಹಚ್ಚಿದ ಕುಂಕುಮದಡಿ ಮುಚ್ಚಿಹೋಗಿತ್ತು. “ಆಯಿ, ನಮ್ಮ ಆನಿ ಎಲ್ಲೈತಿ?” ಎಂದು ಹುಡುಗಿ ಕೇಳುತ್ತಲೇ ಇದ್ದಳು.

ಅವತ್ತೇ ಜೀವನಚರಿತ್ರೆಯನ್ನು ಕೆಳಕ್ಕೆ ಸರಿಸಿದೆ. ಈಗ ಮೊದಲ ಪರದೆಯಲ್ಲಿ ಲಕ್ಷ್ಮಿಯೊಬ್ಬಳೇ, ಜೊತೆಗೆ ‘ಈ ಪಟ ನಿಮ್ಮ ಮನೆಯಲ್ಲಿದೆಯೇ?’ ಎಂಬ ಪ್ರಶ್ನೆ. ಒತ್ತಿದರೆ ಆ ಪಟ ಮನೆಮನೆಗೆ ಬಂದ ಕಥೆ: 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಅಚ್ಚುಕೂಟ, ಅಲ್ಲಿನ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರವನ್ನು ಕಾಗದಕ್ಕೆ ಒತ್ತುವ ಮುದ್ರಣ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮಗು ಬೆರಳು ಸರಿಸಿದಂತೆ ಹಳದಿ, ಕೆಂಪು, ನೀಲಿ ಒಂದರ ಮೇಲೊಂದು ಕೂಡಿ ಮುಖ ಮೂಡುತ್ತದೆ. ಇದು ತಿಳಿಸಲು ನಾವು ಮಾಡಿದ ಮಾದರಿ, ಅಂದಿನ ಕಲ್ಲುಗಳ ಚಿತ್ರವಲ್ಲ ಎಂದು ಅಲ್ಲೇ ಬರೆದಿದ್ದೇನೆ. ಮಕ್ಕಳಿಗೆ ಅಂತ ಮಾಡುವಾಗ ಇಂಥ ಸಾಲನ್ನು ಬಿಡಲೇಬಾರದು.

ಚಿತ್ರ ಮೊದಲು ಸಣ್ಣ ಗಾತ್ರದಲ್ಲಿ ಇಳಿಯಬೇಕು. ಬೆರಳಿನಿಂದ ಹಿಗ್ಗಿಸಿದಾಗ ಆ ಭಾಗವಷ್ಟೇ ದೊಡ್ಡದಾಗಿ ಬಂದರೆ ಸಾಕು, ಡೇಟಾ ಉಳಿಯುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಣಿಸಿಗೆ ತಾಗಿ ಆಯಿಗೆ ಓದಲಾಗದು. ಲಾಗಿನ್ ಇಲ್ಲ, ಜಾಹೀರಾತಿಲ್ಲ. ಜನರ ವೈಯಕ್ತಿಕ ಮಾಹಿತಿ ಕಾಪಾಡುವ 2023ರ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಕಾಯ್ದೆ ಇರದಿದ್ದರೂ, ಚಿತ್ರ ನೋಡಲು ಬಂದ ಮಗುವಿನ ಹೆಸರು, ವಯಸ್ಸು ನನಗೇಕೆ?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆಯಲ್ಲ, ಅದನ್ನು ರವಿವರ್ಮನದೆಂದೇ ಬಹಳ ಜನ ನಂಬಿದ್ದಾರೆ. ಬರೆದವರು ಎಸ್. ಎಲ್. ಹಲ್ದಣಕರ್, 1940ರ ದಶಕದಲ್ಲಿ, ಜಲವರ್ಣದಲ್ಲಿ. ರೂಪದರ್ಶಿ ಅವರ ಮಗಳೇ. ಅದಕ್ಕೂ ಒಂದು ಪುಟ ಕೊಟ್ಟಿದ್ದೇನೆ. ರವಿವರ್ಮ ತೀರಿಕೊಂಡ 1906ನೇ ಇಸವಿಯನ್ನು ಆ ಚಿತ್ರದ ಪಕ್ಕದಲ್ಲೇ ಬರೆದು, ಲೆಕ್ಕ ಹಾಕುವುದನ್ನು ಮಗುವಿಗೆ ಬಿಟ್ಟಿದ್ದೇನೆ.