ಸ್ಕೂಲ್ ಡಿಸ್ಟ್ರಿಕ್ಟ್: ಶಾಲೆಗೆಂದೇ ಇರುವ ಒಂದು ಪುಟ್ಟ ಸರ್ಕಾರ

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಒಂದು ಸಣ್ಣ ಊರಿನಲ್ಲಿ ನನ್ನ ತಂಗಿ ಮನೆ ಕೊಂಡಳು. ಮೊದಲ ಸೆಪ್ಟೆಂಬರಿನಲ್ಲೇ ಅವಳಿಗೊಂದು ಬಿಲ್ಲು ಬಂತು. ಫೋನಿನಲ್ಲಿ ಓದಿ ಹೇಳಿದಳು. "ಅಕ್ಕಾ, ಟೌನು, ಕೌಂಟಿಯ ತೆರಿಗೆ ಜನವರಿಯಲ್ಲಿ ಬರುತ್ತಂತೆ. ಇದು ಬೇರೆ, ಸ್ಕೂಲ್ ಟ್ಯಾಕ್ಸ್ ಅಂತಿದೆ. ಮೊತ್ತ ನೋಡಿದರೆ ಎದೆ ಝಲ್ ಅನ್ನತ್ತೆ. ನಮಗಿನ್ನೂ ಮಕ್ಕಳೇ ಆಗಿಲ್ಲ, ಶಾಲೆಗೆ ನಾವ್ಯಾಕೆ ಕಟ್ಟಬೇಕು?" ಬಿಲ್ಲು ಕಳಿಸಿದವರು ಯಾರು ಎಂದು ಕೇಳಿದೆ. "ಸ್ಕೂಲ್ ಡಿಸ್ಟ್ರಿಕ್ಟ್" ಅಂದಳು.

ಅಮೆರಿಕದಲ್ಲಿರುವ ನಮ್ಮವರ ಮಾತಿನಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಪದ ಇದು. ಮನೆ ಹುಡುಕುವವರು ಮೊದಲು ಕೇಳುವುದೇ "ಯಾವ ಡಿಸ್ಟ್ರಿಕ್ಟು?" ಎಂದು. ಕನ್ನಡಕ್ಕೆ ತರುವಾಗ ನಾವು ಯೋಚಿಸದೆ 'ಶೈಕ್ಷಣಿಕ ಜಿಲ್ಲೆ' ಎಂದುಬಿಡುತ್ತೇವೆ. ಎಡವುವುದು ಅಲ್ಲೇ. ನಮ್ಮಲ್ಲಿ ಶೈಕ್ಷಣಿಕ ಜಿಲ್ಲೆ ಎಂದರೆ ಶಿರಸಿ, ಚಿಕ್ಕೋಡಿ, ಮಧುಗಿರಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಇವುಗಳ ಹೆಸರು ಸಾಲಾಗಿ ಬರುತ್ತದೆ. ಅದು ಇಲಾಖೆ ತನ್ನ ಆಡಳಿತದ ಅನುಕೂಲಕ್ಕೆ ಎಳೆದುಕೊಂಡ ಗೆರೆ. ಮೇಲೆ ಒಬ್ಬ ಉಪನಿರ್ದೇಶಕರು, ಕೆಳಗೆ ಬಿಇಒಗಳು, ಹಣ ಬರುವುದು ರಾಜ್ಯದ ಖಜಾನೆಯಿಂದ. ಆ ಜಿಲ್ಲೆಗೆ ತೆರಿಗೆ ಹಾಕುವ ಅಧಿಕಾರವಿಲ್ಲ, ಅದಕ್ಕೆಂದು ಯಾರೂ ಓಟು ಹಾಕುವುದಿಲ್ಲ.

ಅಮೆರಿಕದ ಬಹುಪಾಲು ಕಡೆ ಸ್ಕೂಲ್ ಡಿಸ್ಟ್ರಿಕ್ಟಿಗೆ ಈ ಎರಡೂ ಉಂಟು. ಅದು ಯಾವ ಇಲಾಖೆಯ ಶಾಖೆಯೂ ಅಲ್ಲ, ತಾನೇ ಒಂದು ಸರ್ಕಾರ. ಅದರ ಕೆಲಸ ಒಂದೇ, ಶಾಲೆ ನಡೆಸುವುದು. ಊರಿನ ಮೇಯರ್ ಅದಕ್ಕೆ ಆಜ್ಞೆ ಮಾಡುವಂತಿಲ್ಲ. ಅದರ ಗಡಿಯೂ ಊರಿನ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ಒಂದು ಡಿಸ್ಟ್ರಿಕ್ಟು ನಾಲ್ಕು ಟೌನುಗಳ ತುಂಡುಗಳನ್ನು ಸೇರಿಸಿಕೊಂಡಿರಬಹುದು, ಒಂದೇ ರಸ್ತೆಯ ಎಡಬಲದ ಮನೆಗಳು ಬೇರೆ ಬೇರೆ ಡಿಸ್ಟ್ರಿಕ್ಟಿಗೆ ಸೇರಿರಬಹುದು. ಇಂಥವು ದೇಶದಲ್ಲಿ ಸುಮಾರು 13,000 ಇವೆ. 1939-40ರಲ್ಲಿ 1,17,000ಕ್ಕೂ ಹೆಚ್ಚಿದ್ದವು. ಒಂದು ಕೊಠಡಿ, ಒಬ್ಬ ಟೀಚರ್, ಅದಕ್ಕೊಂದು ಡಿಸ್ಟ್ರಿಕ್ಟು ಎಂಬ ಕಾಲ ಅದು. ಆಮೇಲೆ ಒಂದರೊಳಗೊಂದು ಸೇರುತ್ತ ಬಂದವು. ನ್ಯೂಯಾರ್ಕಿನ ಹಳ್ಳಿಗಾಡಿನಲ್ಲಿ ಇವತ್ತಿಗೂ ಶಾಲೆಯ ಹೆಸರಿನ ಕೊನೆಗೆ 'ಸೆಂಟ್ರಲ್ ಸ್ಕೂಲ್ ಡಿಸ್ಟ್ರಿಕ್ಟ್' ಎಂದು ಇರುವುದು ಆ ಕೂಡಿಕೆಯ ಗುರುತು. ಕೆಲವಕ್ಕೆ 'ಯೂನಿಯನ್ ಫ್ರೀ' ಎಂಬ ಹೆಸರಿದೆ. ಅದರಲ್ಲಿರುವ 'ಫ್ರೀ' ಎಂದರೆ ಫೀ ಇಲ್ಲ ಎಂದೇ ಅರ್ಥ. ಒಂದು ಕಾಲದಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆ ಮಕ್ಕಳನ್ನು ಕಳಿಸಿದ ಮನೆಯವರಿಂದ, ಮಗು ಎಷ್ಟು ದಿನ ಬಂದಿದೆಯೋ ಅಷ್ಟಕ್ಕೆ ಲೆಕ್ಕ ಹಾಕಿ ಹಣ ವಸೂಲು ಮಾಡುತ್ತಿದ್ದರು. ಆ ಪದ್ಧತಿ ಇಡೀ ರಾಜ್ಯದಲ್ಲಿ ನಿಂತದ್ದು 1867ರಲ್ಲಿ. ನನ್ನ ತಂಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಕ್ಕಳಿರುವವರು ಮಾತ್ರ ಕಟ್ಟಿದರೆ ಬಡವರ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ, ಆದ್ದರಿಂದ ಮನೆಯಿರುವವರೆಲ್ಲ ಕಟ್ಟಲಿ ಎಂದು ಆ ಸಮಾಜ ತೀರ್ಮಾನಿಸಿತು. ನಮ್ಮ ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದಲ್ಲ, ಪುಸ್ತಕ ಓದದವರೂ ಅದನ್ನು ಕಟ್ಟುತ್ತಾರೆ. ತತ್ವ ಅದೇ. ನಮ್ಮದು ಒಂದು ಸಾಲು, ಅವರದು ಪ್ರತ್ಯೇಕ ಬಿಲ್ಲು.

ಇಲ್ಲಿ ಇನ್ನೆರಡು ಪದಗಳನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ 'ಪಬ್ಲಿಕ್ ಸ್ಕೂಲ್' ಎಂದು ಬೋರ್ಡು ಹಾಕಿಕೊಂಡ ಬಹಳಷ್ಟು ಶಾಲೆಗಳು ದುಬಾರಿ ಖಾಸಗಿ ಶಾಲೆಗಳು. ಅಮೆರಿಕದ ಪಬ್ಲಿಕ್ ಸ್ಕೂಲ್ ಎಂದರೆ ನಿಜಕ್ಕೂ ಸಾರ್ವಜನಿಕರ ಶಾಲೆ, ಆ ಡಿಸ್ಟ್ರಿಕ್ಟಿನಲ್ಲಿ ವಾಸವಿರುವ ಯಾವ ಮಗು ಬಾಗಿಲಿಗೆ ಬಂದರೂ ಸೇರಿಸಿಕೊಳ್ಳಬೇಕು. ಹಾಗೆಯೇ 'ಸೂಪರಿಂಟೆಂಡೆಂಟ್'. ನಮ್ಮ ಕಚೇರಿಗಳಲ್ಲಿ ಅವರು ಗುಮಾಸ್ತರ ಮೇಲಿನ ಅಧಿಕಾರಿ. ಅಲ್ಲಿ ಇಡೀ ಡಿಸ್ಟ್ರಿಕ್ಟಿನ ಮುಖ್ಯಸ್ಥರು. ಅವರನ್ನು ಸರ್ಕಾರ ವರ್ಗಾವಣೆ ಮಾಡಿ ಕಳಿಸುವುದಿಲ್ಲ, ಸ್ಕೂಲ್ ಬೋರ್ಡು ಸಂದರ್ಶನ ಮಾಡಿ ಕರಾರಿನ ಮೇಲೆ ನೇಮಿಸಿಕೊಳ್ಳುತ್ತದೆ.

ಬೋರ್ಡು ಎಂದರೆ ಊರಿನವರೇ. ನ್ಯೂಯಾರ್ಕಿನ ಸೆಂಟ್ರಲ್ ಡಿಸ್ಟ್ರಿಕ್ಟುಗಳಲ್ಲಿ ಐದು, ಏಳು ಅಥವಾ ಒಂಬತ್ತು ಮಂದಿ. ಹಾಲು ಕರೆಯುವ ರೈತ, ನರ್ಸು, ನಿವೃತ್ತ ಮೇಷ್ಟ್ರು, ಗ್ಯಾರೇಜು ನಡೆಸುವವರು ಯಾರು ಬೇಕಾದರೂ ನಿಲ್ಲಬಹುದು. ಸಂಬಳವಿಲ್ಲ. ಕಾನೂನು ಕೇಳುವ ವಿದ್ಯಾರ್ಹತೆ ಓದಲು ಬರೆಯಲು ಬರಬೇಕು ಎಂಬುದಷ್ಟೇ. ಒಂದೇ ಮನೆಯ ಇಬ್ಬರು ಒಂದೇ ಬೋರ್ಡಿನಲ್ಲಿ ಇರುವಂತಿಲ್ಲ, ಆ ಡಿಸ್ಟ್ರಿಕ್ಟಿನ ನೌಕರರು ಸದಸ್ಯರಾಗುವಂತಿಲ್ಲ. ಈ ಎರಡು ಷರತ್ತು ಸಣ್ಣ ಊರಿನಲ್ಲಿ ಎಷ್ಟು ಮುಖ್ಯ ಎಂಬುದು ನಮ್ಮ ಹಾಲಿನ ಸೊಸೈಟಿ, ದೇವಸ್ಥಾನದ ಸಮಿತಿಗಳನ್ನು ಹತ್ತಿರದಿಂದ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದನ್ನು ನಮ್ಮ ಎಸ್‌ಡಿಎಂಸಿಗೆ ಹೋಲಿಸುವವರಿದ್ದಾರೆ. ಆಶಯದಲ್ಲಿ ಹೋಲಿಕೆ ಇದೆ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಪೋಷಕರ ಈ ಸಮಿತಿಗಳು ಇವೆ, ಎಷ್ಟೋ ಕಡೆ ಶಾಲೆಯನ್ನು ಕೈಹಿಡಿದು ಉಳಿಸಿವೆ. ಆದರೆ ಎಸ್‌ಡಿಎಂಸಿ ಮೇಷ್ಟ್ರನ್ನು ನೇಮಿಸಲಾರದು, ಅವರ ಸಂಬಳ ನಿರ್ಧರಿಸಲಾರದು, ತೆರಿಗೆ ಎತ್ತಲಾರದು. ಸ್ಕೂಲ್ ಬೋರ್ಡು ಮೂರನ್ನೂ ಮಾಡುತ್ತದೆ. ಹಾಗೆಂದು ಬೋರ್ಡು ಹೇಳಿದ್ದೇ ವೇದವಾಕ್ಯವಲ್ಲ. ಮಕ್ಕಳು ಏನು ಕಲಿತಿರಬೇಕು, ಟೀಚರ್‌ಗೆ ಯಾವ ಅರ್ಹತೆ ಇರಬೇಕು, ವಿಶೇಷ ಅಗತ್ಯವಿರುವ ಮಗುವಿಗೆ ಏನೇನು ಕೊಡಬೇಕು ಎಂಬುದೆಲ್ಲ ರಾಜ್ಯದ ಮತ್ತು ಒಕ್ಕೂಟದ ನಿಯಮ. ಹೈಸ್ಕೂಲಿನ ಪರೀಕ್ಷೆಯೂ ರಾಜ್ಯದ್ದೇ.

ಈಗ ದುಡ್ಡಿನ ವಿಷಯ. ನನಗೆ ಬಹಳ ಹಿಡಿಸಿದ ಭಾಗವೂ ಬಹಳ ನೋವು ಕೊಟ್ಟ ಭಾಗವೂ ಇದೇ.

'ಲೆವಿ' ಎಂಬ ಪದ ನಮ್ಮ ಹಿರಿಯರಿಗೆ ಗೊತ್ತು. ಲೆವಿ ಭತ್ತ ಎಂದರೆ ಸರ್ಕಾರಕ್ಕೆ ಕೊಡಲೇಬೇಕಾದ ಪಾಲು. ಸ್ಕೂಲ್ ಡಿಸ್ಟ್ರಿಕ್ಟಿನ ಲೆವಿ ಎಂದರೆ ಆ ವರ್ಷ ಊರಿನ ಆಸ್ತಿಗಳಿಂದ ಒಟ್ಟು ಎತ್ತಬೇಕಾದ ಹಣ. ಇಲ್ಲಿ ಮೊದಲು ಖರ್ಚು, ಆಮೇಲೆ ತೆರಿಗೆ. ಲೆಕ್ಕಕ್ಕೆಂದು 700 ಮಕ್ಕಳ ಒಂದು ಡಿಸ್ಟ್ರಿಕ್ಟನ್ನು ಕಲ್ಪಿಸಿಕೊಳ್ಳಿ. ಮುಂದಿನ ವರ್ಷದ ಬಜೆಟ್ 2 ಕೋಟಿ ಡಾಲರ್. ರಾಜ್ಯದ ನೆರವು 1 ಕೋಟಿ 10 ಲಕ್ಷ ಬರುತ್ತದೆ. ಬಡ್ಡಿ, ಉಳಿಕೆ, ಸಣ್ಣಪುಟ್ಟ ಆದಾಯ ಸೇರಿ 10 ಲಕ್ಷ. ಕೊರತೆ ಬಿದ್ದದ್ದು 80 ಲಕ್ಷ. ಅದೇ ಲೆವಿ. ಡಿಸ್ಟ್ರಿಕ್ಟಿನೊಳಗಿನ ಎಲ್ಲ ಮನೆ, ಅಂಗಡಿ, ಜಮೀನುಗಳ ತೆರಿಗೆ ಮೌಲ್ಯ ಸೇರಿ 80 ಕೋಟಿ ಡಾಲರ್ ಎಂದಾದರೆ, ಪ್ರತಿ ಸಾವಿರಕ್ಕೆ 10 ಡಾಲರ್ ಬೀಳುತ್ತದೆ. 2 ಲಕ್ಷದ ಮನೆಯವರು ವರ್ಷಕ್ಕೆ 2,000 ಡಾಲರ್ ಕಟ್ಟಬೇಕು. ಮಕ್ಕಳಿಗೆ ಸಂಗೀತದ ಟೀಚರ್ ಬೇಕು, ಓದಿನಲ್ಲಿ ಹಿಂದುಳಿದವರಿಗೆ ಇನ್ನೊಬ್ಬರು ಬೇಕು ಎಂದು ಲೆವಿಯನ್ನು ನೂರಕ್ಕೆ ಎರಡು ಏರಿಸಿದರೆ 1 ಲಕ್ಷ 60 ಸಾವಿರ ಸಿಗುತ್ತದೆ. ಆ ಮನೆಗೆ ಬೀಳುವ ಹೆಚ್ಚುವರಿ 40 ಡಾಲರ್. ಟೀಚರ್ ಬೇಕೋ ನಲವತ್ತು ಡಾಲರ್ ಉಳಿಯಬೇಕೋ ಎಂಬುದನ್ನು ಊರು ಕೂತು ತೀರ್ಮಾನಿಸುತ್ತದೆ.

ಕೂತು ಎಂದರೆ ನಿಜವಾಗಿಯೂ ಕೂತು. ಮೇ ತಿಂಗಳ ಮೂರನೇ ಮಂಗಳವಾರ ಇಡೀ ರಾಜ್ಯದಲ್ಲಿ ಶಾಲಾ ಬಜೆಟ್ಟಿನ ಮತದಾನ. ಅದಕ್ಕೆ ಮೊದಲು ಬಹಿರಂಗ ಸಭೆ ನಡೆಸಿ ಬಜೆಟ್ಟನ್ನು ಜನರ ಮುಂದಿಡಬೇಕು. ನಮ್ಮಲ್ಲಿ ನಾವು ಶಾಸಕರನ್ನು ಆರಿಸುತ್ತೇವೆ, ಬಜೆಟ್ ಅವರು ಪಾಸು ಮಾಡುತ್ತಾರೆ. ಅಲ್ಲಿ ಶಾಲೆಯ ಬಜೆಟ್ಟಿಗೆ ಹೌದು ಅಥವಾ ಇಲ್ಲ ಎಂದು ಹೇಳುವುದು ನೇರವಾಗಿ ಮತದಾರ. 2011ರ ಕಾನೂನಿನಿಂದ ಲೆವಿಗೆ ಒಂದು ಮಿತಿ ಬಂದಿದೆ. ಶೇಕಡಾ 2 ಅಥವಾ ಹಣದುಬ್ಬರ, ಇವೆರಡರಲ್ಲಿ ಕಡಿಮೆ ಯಾವುದೋ ಅದು, ಕೆಲವು ವಿನಾಯಿತಿಗಳೊಂದಿಗೆ. ಮಿತಿಯೊಳಗಿದ್ದರೆ ಸರಳ ಬಹುಮತ ಸಾಕು, ದಾಟಬೇಕಾದರೆ ಶೇಕಡಾ 60 ಓಟು ಬೇಕು. ಬಜೆಟ್ ಬಿದ್ದುಹೋದರೆ ಜೂನ್ ಮೂರನೇ ಮಂಗಳವಾರ ಇನ್ನೊಂದು ಅವಕಾಶ. ಆಗಲೂ ಬಿದ್ದರೆ ಕಳೆದ ವರ್ಷಕ್ಕಿಂತ ಒಂದು ಡಾಲರ್ ಲೆವಿಯನ್ನೂ ಏರಿಸದೆ ವರ್ಷ ದೂಡಬೇಕು. ನ್ಯೂಯಾರ್ಕ್ ನಗರ, ಬಫಲೋ, ರಾಚೆಸ್ಟರ್, ಸಿರಾಕ್ಯೂಸ್, ಯಾಂಕರ್ಸ್ ಎಂಬ ಐದು ದೊಡ್ಡ ನಗರಗಳಿಗೆ ಈ ವ್ಯವಸ್ಥೆ ಇಲ್ಲ. ಅಲ್ಲಿ ಶಾಲೆಯ ಹಣ ನಗರದ ಬಜೆಟ್ಟಿನಲ್ಲೇ ಬರುತ್ತದೆ. ನಾನು ಹೇಳುತ್ತಿರುವುದು ಸಣ್ಣವರ ಕತೆ.

ಈ ಮತದಾನಕ್ಕೆ ನಾನು ಬಹಳ ಗೌರವದಿಂದ ನೆನೆಯುವ ಒಂದು ಇತಿಹಾಸವಿದೆ. ನ್ಯೂಯಾರ್ಕಿನಲ್ಲಿ ಹೆಂಗಸರಿಗೆ ಪೂರ್ತಿ ಮತದಾನದ ಹಕ್ಕು ಸಿಕ್ಕಿದ್ದು 1917ರಲ್ಲಿ. ಆದರೆ ಶಾಲಾ ಚುನಾವಣೆಯ ಬಾಗಿಲು 1880ರಲ್ಲೇ ತೆರೆದಿತ್ತು. ಆ ವರ್ಷ ಫಯೆಟ್‌ವಿಲ್ ಎಂಬ ಊರಿನಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಟಿಲ್ಡಾ ಜಾಸ್ಲಿನ್ ಗೇಜ್ ತಮ್ಮೂರಿನ ಹೆಂಗಸರನ್ನು ಒಗ್ಗೂಡಿಸಿ ಮತ ಹಾಕಿಸಿದರು. ಅಲ್ಲಿನ ಹೆಂಗಸರು ಮತದ ಚೀಟಿ ಮೊದಲು ಮುಟ್ಟಿದ್ದು ಶಾಲೆಗಾಗಿ.

ಇನ್ನು ನೋವಿನ ಮಾತು. ಊರಿನ ಆಸ್ತಿಯೇ ಶಾಲೆಯ ಬೊಕ್ಕಸವಾದರೆ, ಆಸ್ತಿಯಿಲ್ಲದ ಊರಿನ ಮಕ್ಕಳ ಗತಿ ಏನು? ಇದನ್ನು ಅಂಕಿಗಳಲ್ಲಿ ತೋರಿಸಿದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಒಂದು ಮೊಕದ್ದಮೆ. ಅಲ್ಲಿ ಎಡ್ಜ್‌ವುಡ್ ಎಂಬ ಬಡ ಡಿಸ್ಟ್ರಿಕ್ಟು, ಅಲಾಮೊ ಹೈಟ್ಸ್ ಎಂಬ ಸಿರಿವಂತ ಡಿಸ್ಟ್ರಿಕ್ಟು. 1967-68ರಲ್ಲಿ ಎಡ್ಜ್‌ವುಡ್‌ನವರು ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡರು, ಒಂದು ಮಗುವಿಗೆ ಎದ್ದದ್ದು 26 ಡಾಲರ್. ಅಲಾಮೊ ಹೈಟ್ಸ್‌ನವರು ಬರೀ 85 ಸೆಂಟ್ ಹಾಕಿಕೊಂಡರು, ಎದ್ದದ್ದು 333 ಡಾಲರ್. ಬಡವರು ಹೆಚ್ಚಿನ ದರದಲ್ಲಿ ಕಟ್ಟಿಯೂ ಆ ತೆರಿಗೆಯಿಂದ ಅವರ ಮಕ್ಕಳ ಪಾಲಿಗೆ ಬಂದದ್ದು ಸುಮಾರು ಹದಿಮೂರನೇ ಒಂದು ಭಾಗ. ಡೆಮೆಟ್ರಿಯೊ ರಾಡ್ರಿಗಸ್ ಮತ್ತು ಇತರ ಪೋಷಕರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರಲ್ಲಿ ಕೋರ್ಟು 5-4ರ ಅಂತರದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣವು ಒಕ್ಕೂಟದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಆ ತೀರ್ಪು ಇವತ್ತಿಗೂ ನಿಂತಿದೆ. ಅದು ತಪ್ಪು ಎಂದೇ ನನ್ನ ಭಾವನೆ.

ಅಲ್ಲಿಂದ ಹೋರಾಟ ರಾಜ್ಯಗಳ ಕೋರ್ಟಿಗೆ ಸರಿಯಿತು. ನ್ಯೂಯಾರ್ಕಿನಲ್ಲಿ 1993ರಲ್ಲಿ ಶುರುವಾದ ಮೊಕದ್ದಮೆಯ ಫಲವಾಗಿ 2007ರಲ್ಲಿ 'ಫೌಂಡೇಶನ್ ಏಡ್' ಎಂಬ ಸೂತ್ರ ಬಂತು. ಬಡತನ ಹೆಚ್ಚಿರುವ, ತೆರಿಗೆ ಎತ್ತುವ ಶಕ್ತಿ ಕಡಿಮೆಯಿರುವ ಡಿಸ್ಟ್ರಿಕ್ಟಿಗೆ ರಾಜ್ಯ ಹೆಚ್ಚು ಕೊಡಬೇಕು. ಸೂತ್ರ ಹೇಳಿದಷ್ಟು ಹಣ ಪೂರ್ತಿ ಕೈಗೆ ಬಂದದ್ದು 2023-24ರ ಬಜೆಟ್ಟಿನಲ್ಲಿ. ಸೂತ್ರ ಬಂದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಕಾಲೇಜು ಮುಗಿಸುವ ವಯಸ್ಸಿಗೆ ಬಂದಿತ್ತು.

ಸಣ್ಣ ಡಿಸ್ಟ್ರಿಕ್ಟಿಗೆ ಇನ್ನೊಂದು ಅಪಾಯವಿದೆ. ಊರಿನ ಆಸ್ತಿಯಲ್ಲಿ ಯಾವುದೋ ಒಂದೇ ದೊಡ್ಡದಾಗಿದ್ದರೆ ಶಾಲೆಯ ಉಸಿರು ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಹಡ್ಸನ್ ನದಿಯ ದಂಡೆಯ ಇಂಡಿಯನ್ ಪಾಯಿಂಟ್ ಅಣುಸ್ಥಾವರ 2021ರ ಏಪ್ರಿಲ್ 30ರಂದು ಮುಚ್ಚಿತು. ಅಲ್ಲಿನ ಹೆಂಡ್ರಿಕ್ ಹಡ್ಸನ್ ಡಿಸ್ಟ್ರಿಕ್ಟಿನ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ಆ ಸ್ಥಾವರದಿಂದ ಬರುತ್ತಿತ್ತು. ಮಕ್ಕಳು ಅಷ್ಟೇ ಇದ್ದರು, ಬಸ್ಸುಗಳು ಅಷ್ಟೇ ದೂರ ಓಡಬೇಕಿತ್ತು.

ಬಸ್ಸಿನ ಮಾತು ಬಂದದ್ದು ಒಳ್ಳೆಯದಾಯಿತು. ಮಕ್ಕಳ ಸಂಖ್ಯೆ 700ರಿಂದ 600ಕ್ಕೆ ಇಳಿದರೆ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ದಾರಿ ಅಷ್ಟೇ ಉದ್ದ, ಬಾಯ್ಲರು ಅದೇ, ಛಾವಣಿಯ ಹಿಮ ಅದೇ. ತರಗತಿಗೆ ಇಬ್ಬರು ಕಡಿಮೆಯಾದರೆ ಟೀಚರನ್ನು ಕಳೆಯಲಾಗುವುದಿಲ್ಲ. ಇದಕ್ಕೆ ನ್ಯೂಯಾರ್ಕ್ 1948ರಲ್ಲೇ ಒಂದು ದಾರಿ ಕಂಡುಕೊಂಡಿತು. ಅಕ್ಕಪಕ್ಕದ ಡಿಸ್ಟ್ರಿಕ್ಟುಗಳು ಸೇರಿ ನಡೆಸುವ 'ಬೋಸೀಸ್' ಎಂಬ ಸಹಕಾರಿ ಮಂಡಳಿಗಳು. ಈಗ 37 ಇವೆ. ವೆಲ್ಡಿಂಗ್ ಕಲಿಸುವ ಕಾರ್ಯಾಗಾರ, ವಿಶೇಷ ಶಿಕ್ಷಣದ ತರಗತಿ, ಕಂಪ್ಯೂಟರ್ ಸೇವೆ, ಇವನ್ನು ಒಬ್ಬೊಬ್ಬರೇ ಮಾಡಲಾರದವರು ಒಟ್ಟಾಗಿ ಮಾಡುತ್ತಾರೆ. ಬೆಸೆದುಹೋಗಿ ತಮ್ಮ ಹೆಸರು ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ ಎಂದು ಸಣ್ಣ ಊರಿನವರು ಹೇಳುತ್ತಾರೆ. ಕನ್ನಡ ಶಾಲೆ ಮುಚ್ಚಿದ ಹಳ್ಳಿ ಹೇಗಿರುತ್ತದೆಂದು ನೋಡಿದ ನನಗೆ ಆ ಮಾತು ಅರ್ಥವಾಗುತ್ತದೆ.

ನಮ್ಮವರಿಗೆ ನೇರವಾಗಿ ತಾಗುವ ಒಂದು ಸಂಗತಿ ಉಳಿದಿದೆ. ಶಾಲಾ ಮತದಾನಕ್ಕೆ ಅಮೆರಿಕದ ಪೌರತ್ವ ಬೇಕು, 18 ವರ್ಷ ತುಂಬಿರಬೇಕು, ಆ ಡಿಸ್ಟ್ರಿಕ್ಟಿನಲ್ಲಿ 30 ದಿನ ವಾಸವಿರಬೇಕು. ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರು ತೆರಿಗೆ ಕಟ್ಟುತ್ತಾರೆ, ಓಟು ಹಾಕಲಾರರು. ಆದರೆ ಅವರ ಮಕ್ಕಳನ್ನು ಶಾಲೆ ನಿರಾಕರಿಸುವಂತಿಲ್ಲ. ಬೋರ್ಡಿನ ಸಭೆಗಳು ತೆರೆದ ಸಭೆಗಳು, ಯಾರು ಬೇಕಾದರೂ ಹೋಗಿ ಕೂರಬಹುದು. ಬಹುಪಾಲು ಬೋರ್ಡುಗಳು ಬಂದವರಿಗೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತವೆ.

ತಂಗಿಗೆ ಈಗ ಮಗಳಿದ್ದಾಳೆ, ಆರು ವರ್ಷ, ಬೆಳಗ್ಗೆ ಏಳೂವರೆಗೆ ಹಳದಿ ಬಸ್ಸು ಹತ್ತುತ್ತಾಳೆ. ಹೋದ ಮೇ ತಿಂಗಳಲ್ಲಿ ಬಜೆಟ್ ಸಭೆಗೆ ತಂಗಿ ಹೋಗಿದ್ದಳು. ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಹದಿನಾಲ್ಕು ಜನ ದೊಡ್ಡವರು. ಅವರ ರಸ್ತೆಯ ಬಸ್ಸನ್ನು ಪಕ್ಕದ ರಸ್ತೆಯ ಬಸ್ಸಿನೊಂದಿಗೆ ಸೇರಿಸುವ ಯೋಚನೆ ಬಜೆಟ್ಟಿನಲ್ಲಿತ್ತು. ಇವಳು ಎದ್ದು ನಿಂತು, ಚಳಿಗಾಲದಲ್ಲಿ ಆ ತಿರುವಿನಲ್ಲಿ ಸಣ್ಣ ಮಕ್ಕಳು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಕೇಳಿದಳು. ಸೂಪರಿಂಟೆಂಡೆಂಟ್ ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಮೊಮ್ಮಕ್ಕಳೆಲ್ಲ ದೊಡ್ಡವರಾಗಿ ಊರು ಬಿಟ್ಟವರು, ಇವಳ ಕೈ ತಟ್ಟಿ, "ನಿನ್ನ ಓಟು ಇಲ್ಲದಿದ್ದರೇನು, ನಾನು ಹಾಕುತ್ತೇನೆ" ಅಂದರಂತೆ.