ಹೆಸರಿಲ್ಲದ ಸ್ಟ್ಯಾಂಪಿಗೆ ದ್ವೀಪದ ಹೆಸರು ಬಂದ ಬಗೆ

ಹಿಂದೂ ಮಹಾಸಾಗರದ ಅಂಜುವಾನ್, ಮಯೋಟ್, ಮೊಹೇಲಿ. ಕೆರಿಬಿಯನ್‌ನ ಗ್ವಾಡೆಲೂಪ್, ಮಾರ್ಟಿನಿಕ್. ಕೆನಡಾದ ಬಳಿಯ ಸೇಂಟ್ ಪಿಯೇರ್ ಮತ್ತು ಮಿಕ್ವೆಲಾನ್. ಫ್ರಾನ್ಸ್ ಆಳಿದ ಇಂಥ ಪುಟ್ಟ ದ್ವೀಪಗಳ ಹಳೆಯ ಸ್ಟ್ಯಾಂಪುಗಳಲ್ಲಿ ಚಿತ್ರ ಹೆಚ್ಚುಕಡಿಮೆ ಒಂದೇ, ಹೆಸರು ಮಾತ್ರ ಬೇರೆ. ಆ ಹೆಸರು ಯಾಕೆ ಬಂತು, ಯಾವಾಗ ಬಂತು ಎಂದು ತಿಳಿಯದವರು ಈ ಸಂಗ್ರಹಕ್ಕೆ ಕೈ ಹಾಕಿದರೆ ದುಡ್ಡು ಕಳೆದುಕೊಳ್ಳುವುದು ಸುಲಭ.

ಫ್ರೆಂಚ್ ವಸಾಹತುಗಳ ಮೊದಲ ಸ್ಟ್ಯಾಂಪು ಪ್ಯಾರಿಸಿನದಲ್ಲ. 1852ರಲ್ಲಿ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದ ಸೇಂಟ್ ಡೆನಿಸ್‌ನ ಒಂದು ಮುದ್ರಣಾಲಯ ಅಚ್ಚುಮೊಳೆ ಜೋಡಿಸಿ 15 ಮತ್ತು 30 ಸಾಂಟೀಮ್ (ಫ್ರಾಂಕಿನ ನೂರರಲ್ಲೊಂದು ಭಾಗ) ಸ್ಟ್ಯಾಂಪುಗಳನ್ನು ನೀಲಿ ಛಾಯೆಯ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಮುದ್ರಿಸಿತು. ಒಂದೊಂದು ಬೆಲೆಯಲ್ಲೂ ನಾಲ್ಕು ವಿನ್ಯಾಸ. ಮುಂದೆ ಇವುಗಳ ಮರುಮುದ್ರಣಗಳೂ ಬಂದವು. ಗುರುತು ಹಿಡಿಯಲು ಚೌಕಟ್ಟನ್ನು ನೋಡಬೇಕು: ಅಸಲಿನಲ್ಲಿ ಒಂದು ದಪ್ಪ, ಎರಡು ತೆಳು ಗೆರೆ, ಮರುಮುದ್ರಣದಲ್ಲಿ ಒಂದು ದಪ್ಪ, ಒಂದೇ ತೆಳು ಗೆರೆ. ಕಾಗದದ ನೀಲಿಯೂ ಮರುಮುದ್ರಣದಲ್ಲಿ ಹೆಚ್ಚು. ಆದರೆ ಬಣ್ಣ ಮಾಸಬಹುದು, ಗೆರೆ ಬದಲಾಗದು.

1860ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದ ಕಥೆ ಇನ್ನೂ ಸೊಗಸು. ಟ್ರಿಕ್ವೆರಾ ಎಂಬ ಸೈನಿಕ ಕಲ್ಲಚ್ಚಿನ ಮೇಲೆ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಮುಖವನ್ನು ಸೂಜಿಯಿಂದ 50 ಸಲ ಕೊರೆದ. ಹಾಗಾಗಿ ಹಾಳೆಯ 50 ಸ್ಟ್ಯಾಂಪುಗಳೂ ಬೇರೆಬೇರೆ. ನಿಮ್ಮ ಕೈಯಲ್ಲಿರುವುದು ಪೂರ್ಣ ಹಾಳೆಯ ಛಾಯಾಚಿತ್ರದ ಯಾವ ಸ್ಥಾನಕ್ಕೂ ಹೊಂದದಿದ್ದರೆ ಅದು ಖೋಟಾ.

ಇವೆಲ್ಲ ಅಪವಾದ. 1859ರಿಂದ ಪ್ಯಾರಿಸ್ ಎಲ್ಲ ವಸಾಹತುಗಳಿಗೂ ಒಂದೇ ಬಗೆಯ ಸ್ಟ್ಯಾಂಪು ಕಳಿಸುತ್ತಿತ್ತು: ಮೊದಲು ಗರುಡ, ಆಮೇಲೆ ನೆಪೋಲಿಯನ್, ಸೆರೆಸ್ ದೇವತೆ, 1877ರಿಂದ ‘ಶಾಂತಿ ಮತ್ತು ವಾಣಿಜ್ಯ’. ಒಂದಕ್ಕೂ ಅಂಚಿನ ಹಲ್ಲಿಲ್ಲ (ಹರಿಯಲು ತೂತು ಹೊಡೆದಾಗ ಮೂಡುವ ಪರ್ಫೊರೇಷನ್), ಊರಿನ ಹೆಸರೂ ಇಲ್ಲ. ಪಾಂಡಿಚೇರಿಯ ಪತ್ರಕ್ಕೂ ಇವೇ. ಯಾವ ದ್ವೀಪದಲ್ಲಿ ಬಳಸಿದ್ದು ಎಂದು ಹೇಳುವುದು ಅಂಚೆ ಮೊಹರು ಮಾತ್ರ. ಚುಕ್ಕೆಗಳ ವಜ್ರಾಕೃತಿಯ ನಡುವೆ ಎಂಕ್ಯೂಇ ಎಂದಿದ್ದರೆ ಮಾರ್ಟಿನಿಕ್, ಜಿಪಿಇ ಎಂದಿದ್ದರೆ ಗ್ವಾಡೆಲೂಪ್. ಇಲ್ಲಿನ ದೊಡ್ಡ ಮೋಸ, ಫ್ರಾನ್ಸಿನ ಅಗ್ಗದ ಹಲ್ಲುಳ್ಳ ಸ್ಟ್ಯಾಂಪಿನ ಅಂಚು ಕತ್ತರಿಸಿ ವಸಾಹತಿನದೆಂದು ಮಾರುವುದು. ನಾಲ್ಕೂ ಕಡೆ ಧಾರಾಳ ಅಂಚಿರದ ಬಿಡಿ ಸ್ಟ್ಯಾಂಪನ್ನು ಕೊಳ್ಳಲೇಬೇಡಿ. ನಡುವೆ ಹಲ್ಲಿಲ್ಲದೆ ಎರಡು ಅಂಟಿಕೊಂಡಿರುವ ಜೋಡಿ ಸಿಕ್ಕರೆ ಅದೇ ಒಳ್ಳೆಯ ಸಾಕ್ಷಿ.

1881ರಲ್ಲಿ ಆಲ್ಫೆ ಡ್ಯುಬುವಾ ರಚಿಸಿದ, ಹಲ್ಲುಳ್ಳ ಸ್ಟ್ಯಾಂಪು ಬಂತು. ಹಡಗು ತಡವಾಗಿ ಬೇಕಾದ ಬೆಲೆಯ ಸ್ಟ್ಯಾಂಪು ಮುಗಿದಾಗ ದ್ವೀಪದವರು ಇದ್ದ ಸ್ಟ್ಯಾಂಪಿನ ಮೇಲೇ ಹೊಸ ಬೆಲೆ ಅಥವಾ ಹೆಸರು ಒತ್ತುತ್ತಿದ್ದರು. ಇದೇ ಓವರ್‌ಪ್ರಿಂಟ್. 1891ರ ಗ್ವಾಡೆಲೂಪ್ ಓವರ್‌ಪ್ರಿಂಟಿನಲ್ಲಿ ಯು ಜಾಗಕ್ಕೆ ಎನ್ ಕೂತದ್ದು, ಕೊನೆಯ ಎರಡು ಅಕ್ಷರ ಅದಲುಬದಲಾದದ್ದು ಸಿಗುತ್ತವೆ. ಕೈಯಿಂದ ಮೊಳೆ ಜೋಡಿಸಿದ್ದರಿಂದ ಇಂಥ ತಪ್ಪು ಪ್ರತಿ ಹಾಳೆಯಲ್ಲೂ ಅದೇ ಸ್ಥಾನದಲ್ಲಿ ಬರುತ್ತದೆ. ಪಕ್ಕದ ಸ್ಟ್ಯಾಂಪು ಕೂಡಿಯೇ ಇರುವ ಜೋಡಿಗೆ ಬೆಲೆ ಹೆಚ್ಚಲು, ನಂಬಿಕೆ ಹೆಚ್ಚಲು ಇದೇ ಕಾರಣ. ಸಾದಾ ಸ್ಟ್ಯಾಂಪಿನ ಮೇಲೆ ಕೆಲವು ಅಕ್ಷರ ಒತ್ತಿದರೆ ಅಪರೂಪದ್ದಾಗಿಬಿಡುವ ಕಾರಣ ಖೋಟಾಗಳೂ ಈ ಗುಂಪಿನಲ್ಲೇ ಹೆಚ್ಚು. ಪರಿಣತರ ಪ್ರಮಾಣಪತ್ರವಿಲ್ಲದೆ ದುಬಾರಿ ಓವರ್‌ಪ್ರಿಂಟ್ ಕೊಳ್ಳಬಾರದು.

ಇನ್ನೊಂದು ತೊಡಕು ಹಣದ್ದು. ವಸಾಹತಿನಿಂದ ವಸಾಹತಿಗೆ ನಾಣ್ಯದ ಮೌಲ್ಯ ಬೇರೆ. ಅಗ್ಗವಾದಲ್ಲಿ ಸ್ಟ್ಯಾಂಪು ಕೊಂಡು ಬೇರೆಡೆ ಮಾರುವ ದಂಧೆ ಬೆಳೆಯಿತು. ಇದನ್ನು ತಡೆಯಲು 1892ರಲ್ಲಿ ಪ್ರತಿ ವಸಾಹತಿನ ಹೆಸರನ್ನೂ ಸ್ಟ್ಯಾಂಪಿನಲ್ಲೇ ಮುದ್ರಿಸಿದರು. ಮುಶೋನ್ ರಚಿಸಿದ ‘ನೌಕಾಯಾನ ಮತ್ತು ವಾಣಿಜ್ಯ’ ಚಿತ್ರ ಒಂದು ಅಚ್ಚಿನಲ್ಲಿ, ಹೆಸರು ಕೆಂಪು ಅಥವಾ ನೀಲಿಯಲ್ಲಿ ಇನ್ನೊಂದು ಅಚ್ಚಿನಲ್ಲಿ. ಸಂಗ್ರಾಹಕರು ಇದನ್ನು ಗ್ರೂಪ್ ಟೈಪ್ ಎನ್ನುತ್ತಾರೆ. 1 ಸಾಂಟೀಮ್‌ನಿಂದ 1 ಫ್ರಾಂಕ್‌ವರೆಗೆ 13 ಬೆಲೆ. ಹೊಸಬರು ಶುರು ಮಾಡಲು ಇದಕ್ಕಿಂತ ಒಳ್ಳೆಯ ಸರಣಿ ಇಲ್ಲ.

ಇಲ್ಲಿಯೂ ಪರ್ಫೊರೇಷನ್ ಗೇಜ್ ಬೇಕೇ ಬೇಕು. 2 ಸೆಂಟಿಮೀಟರ್‌ನಲ್ಲಿ ಎಷ್ಟು ಹಲ್ಲು ಎಂದು ಅದು ಅಳೆಯುತ್ತದೆ. ಅಸಲಿ ಸ್ಟ್ಯಾಂಪಿನ ಮೇಲಂಚಿನಲ್ಲಿ 14, ಪಕ್ಕದಲ್ಲಿ 13½. ಜಿನೀವಾದ ಫ್ರಾಂಸ್ವಾ ಫೂರ್ನಿಯೇ ಮಾಡಿಸಿದ ನಕಲುಗಳಲ್ಲಿ ಇದು ತಿರುಗಿ 13½ ಮತ್ತು 14. ಅರ್ಧ ನಿಮಿಷದ ಈ ಅಳತೆ ಬಹಳಷ್ಟು ಖೋಟಾಗಳನ್ನು ಹಿಡಿಯುತ್ತದೆ.

ಕೊನೆಯ ಘಟ್ಟ 1912. ಕೊಮೊರೋಸ್ ದ್ವೀಪಗಳು ಮಡಗಾಸ್ಕರ್‌ಗೆ ಸೇರಿದಾಗ ಉಳಿದಿದ್ದ ಗ್ರೂಪ್ ಟೈಪ್ ದಾಸ್ತಾನಿನ ಮೇಲೆ 05 ಮತ್ತು 10 ಎಂದು ಒತ್ತಿ ಮಾರಿದರು. ಎರಡು ಅಂಕಿಗಳ ನಡುವಿನ ಅಂತರ ಸಾಮಾನ್ಯವಾಗಿ ಕಿರಿದು, ಹಾಳೆಯ ಕೆಲವೇ ಸ್ಥಾನಗಳಲ್ಲಿ ತುಸು ಅಗಲ. ಅಗಲದ್ದು ಅಪರೂಪ; ಎರಡೂ ಅಂಟಿಕೊಂಡ ಜೋಡಿ ಇನ್ನೂ ಅಪರೂಪ. ಅಗ್ಗದ ಸ್ಟ್ಯಾಂಪುಗಳ ಮಾರಾಟಗಾರರಲ್ಲಿ ಹಲವರು ಈ ಅಂತರವನ್ನು ಅಳೆಯುವುದೇ ಇಲ್ಲ, ಆದ್ದರಿಂದ ಭೂತಗನ್ನಡಿ ಮತ್ತು ಸಣ್ಣ ಗೆರೆಗಳ ಸ್ಕೇಲು ಹಿಡಿದು ಕೂತವರಿಗೆ ಇದು ಇಂದಿಗೂ ಸಿಗುತ್ತದೆ.

ಗೋಂದಿರುವ ಸ್ಟ್ಯಾಂಪನ್ನು ನೆನೆಸಬೇಡಿ, ಬಣ್ಣದ ಕಾಗದದ್ದನ್ನಂತೂ ಬಿಸಿನೀರಿಗೆ ತೋರಿಸಲೇಬೇಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬೂಷ್ಟು ಹಿಡಿದು ಹಲ್ಲುಗಳ ತುದಿಯಲ್ಲಿ ಕಂದು ಚುಕ್ಕೆ ಮೂಡುತ್ತದೆ. ಆಲ್ಬಮನ್ನು ಮಲಗಿಸದೆ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಟ್ಟು, ಅದು ತೇವ ಹೀರಿದಾಗಲೆಲ್ಲ ಬದಲಿಸಿ.